ಸಕ್ಕರೆ ಕಾಯಿಲೆ ಇರುವವರ ಕಿವಿ ನೋವಿಗೆ ಬೆಳ್ಳುಳ್ಳಿ ಎಣ್ಣೆ ಸಾಕೇ?

‘ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಎರಡು ಹನಿ ಬಿಡಿ, ಎಂಥ ಕಿವಿ ನೋವಾದರೂ ಮಾಯ’ ಎಂಬ ಸಲಹೆ ಮನೆಮದ್ದಿನ ಸಂದೇಶಗಳಲ್ಲಿ ಆಗಾಗ ಬರುತ್ತದೆ. ಸಕ್ಕರೆ ಕಾಯಿಲೆ ಇರುವವರು, ಅದರಲ್ಲೂ ವಯಸ್ಸಾದವರು, ಇದನ್ನು ನಂಬಿ ದಿನ ದೂಡಿದರೆ ಜೀವಕ್ಕೇ ಅಪಾಯವಾಗಬಹುದು.

ಯಾವುದು ಈ ಸೋಂಕು?

ಇದರ ಹೆಸರು ‘ಮ್ಯಾಲಿಗ್ನೆಂಟ್ ಓಟೈಟಿಸ್ ಎಕ್ಸ್‌ಟರ್ನಾ’. ಹೆಸರು ಹೀಗಿದ್ದರೂ ಇದು ಕ್ಯಾನ್ಸರ್ ಅಲ್ಲ. 1968ರಲ್ಲಿ ಚಾಂಡ್ಲರ್ ಎಂಬ ಅಮೆರಿಕದ ವೈದ್ಯರು ಇದನ್ನು ಹೀಗೆ ಕರೆದಾಗ, ಈ ಸೋಂಕಿನಿಂದ ಸಾಯುವವರು ಹೆಚ್ಚಿದ್ದರು. ಇದು ಅಪರೂಪದ ಕಾಯಿಲೆ. ಆದರೆ ಬಂದವರಲ್ಲಿ ಹೆಚ್ಚಿನವರಿಗೆ ಮಧುಮೇಹ ಇರುತ್ತದೆ.

ಬಹುತೇಕ ಸಲ ಕಾರಣ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ. ಮಧುಮೇಹದಿಂದ ಸಣ್ಣ ರಕ್ತನಾಳಗಳು ಹಾಳಾಗಿ, ಸೋಂಕಿನ ವಿರುದ್ಧ ಹೋರಾಡುವ ಶಕ್ತಿಯೂ ಕುಗ್ಗಿರುತ್ತದೆ. ಆಗ ಹೊರಕಿವಿಯ ಚರ್ಮದಲ್ಲಿ ಶುರುವಾದ ಸೋಂಕು ತಲೆಬುರುಡೆಯ ತಳದ ಮೂಳೆಗೆ ಹಬ್ಬುತ್ತದೆ. ಕಿವಿಗೆ ಬಿಟ್ಟ ಎಣ್ಣೆ ಆ ಮೂಳೆಯನ್ನು ತಲುಪುವುದಿಲ್ಲ. ಎಣ್ಣೆ ಬಿಸಿಯಿದ್ದರೆ ಚರ್ಮ ಸುಡಬಹುದು.

ಈ ಲಕ್ಷಣಗಳಿದ್ದರೆ ತಡ ಮಾಡಬೇಡಿ

• ರಾತ್ರಿ ಹೆಚ್ಚಾಗುವ, ನಿದ್ದೆಗೆಡಿಸುವ ಕಿವಿ ನೋವು
• ಔಷಧಿ ಹಾಕಿದರೂ ನಿಲ್ಲದೆ ಕಿವಿ ಸೋರುವುದು
• ಮುಖದ ಒಂದು ಬದಿ ಸೊಟ್ಟಗಾಗುವುದು, ನುಂಗಲು ಕಷ್ಟವಾಗುವುದು

ಕೊನೆಯ ಲಕ್ಷಣ ಕಂಡರೆ ಸೋಂಕು ನರಗಳಿಗೂ ತಗುಲಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ.

ಚಿಕಿತ್ಸೆ ಹೇಗೆ?

ಇಎನ್‌ಟಿ ವೈದ್ಯರು ಕಿವಿ ಸ್ವಚ್ಛಗೊಳಿಸಿ, ಯಾವ ರೋಗಾಣು ಎಂದು ತಿಳಿಯಲು ಕೀವನ್ನು ಪರೀಕ್ಷೆಗೆ ಕಳಿಸುತ್ತಾರೆ. ಕೆಲವೊಮ್ಮೆ ಕಾರಣ ಫಂಗಸ್ ಆಗಿರುತ್ತದೆ, ಅದಕ್ಕೆ ಔಷಧಿಯೇ ಬೇರೆ. ಸೋಂಕು ಎಲ್ಲಿಯವರೆಗೆ ಹಬ್ಬಿದೆ ಎಂದು ಸಿಟಿ ಅಥವಾ ಎಂಆರ್‌ಐ ಸ್ಕ್ಯಾನ್ ತೋರಿಸುತ್ತದೆ. ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಲು ಸಣ್ಣ ತುಣುಕನ್ನು ತೆಗೆದು ಪರೀಕ್ಷಿಸುವುದೂ ಉಂಟು.

ಬಳಿಕ ಮಾತ್ರೆ ಅಥವಾ ಇಂಜೆಕ್ಷನ್ ರೂಪದಲ್ಲಿ ಆ್ಯಂಟಿಬಯೋಟಿಕ್ ಕೊಡುತ್ತಾರೆ. ಸಾಮಾನ್ಯವಾಗಿ 6ರಿಂದ 8 ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಬೇಕು. ಜೊತೆಗೆ ಸಕ್ಕರೆ ಹಿಡಿತದಲ್ಲಿರಬೇಕು. ಇದಕ್ಕೆ ಕೊಡುವ ಸಿಪ್ರೊಫ್ಲಾಕ್ಸಾಸಿನ್‌ನಂಥ ಔಷಧಿಯಿಂದ ಸಕ್ಕರೆ ಮಟ್ಟ ಏರಿಳಿಯಬಹುದು. ಹಾಗಾಗಿ ನೀವು ತೆಗೆದುಕೊಳ್ಳುವ ಸಕ್ಕರೆ ಮಾತ್ರೆಗಳ ಹೆಸರನ್ನು ವೈದ್ಯರಿಗೆ ತಪ್ಪದೆ ಹೇಳಿ.

ಹಲವರು ತಪ್ಪುವುದು ಇಲ್ಲೇ: ನೋವು ಹೋಯಿತೆಂದು ಮಾತ್ರೆ ಬಿಡುತ್ತಾರೆ. ನೋವು ಮೊದಲು ಹೋಗುತ್ತದೆ, ಮೂಳೆಯ ಸೋಂಕು ಆಮೇಲೆ. ನಡುವೆ ನಿಲ್ಲಿಸಿದರೆ ಅದು ಮರುಕಳಿಸಬಹುದು.

ತಡೆಯುವುದು ಹೇಗೆ?

ಪಿನ್ನು, ಹತ್ತಿಕಡ್ಡಿಯಿಂದ ಕಿವಿ ಕೆರೆಯಬೇಡಿ. ಗುಗ್ಗೆ ತೆಗೆಯಲು ಮನೆಯಲ್ಲಿ ಕಿವಿಗೆ ನೀರು ಚಿಮ್ಮಿಸಬೇಡಿ. ವೈದ್ಯರ ಬಳಿ ಹೋದಾಗ ‘ನನಗೆ ಶುಗರ್ ಇದೆ’ ಎಂದು ಮೊದಲೇ ತಿಳಿಸಿ.

ಎಣ್ಣೆಯ ಸಲಹೆ ನಿಮ್ಮ ಗ್ರೂಪಿಗೂ ಬಂದಿದ್ದರೆ, ಅದರ ಕೆಳಗೆ ಈ ಮಾಹಿತಿಯನ್ನು ಹಾಕಿ.