ಗೊಮ್ಮಟಸಾರದ ಮನುಷ್ಯಸಂಖ್ಯೆ

79,22,81,62,51,42,64,33,75,93,54,39,50,336. ಇಪ್ಪತ್ತೊಂಬತ್ತು ಅಂಕಿಗಳ ಈ ಪೂರ್ಣಾಂಕ ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದೊಂದಿಗೆ ಹೆಸರು ಬೆಸೆದುಕೊಂಡಿರುವ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಯ ಪ್ರಾಕೃತ ಗ್ರಂಥ 'ಗೊಮ್ಮಟಸಾರ'ದಲ್ಲಿದೆ. ಗೊಮ್ಮಟನನ್ನು ಕಡೆಯಿಸಿದ ಗಂಗರ ಮಂತ್ರಿ ಚಾವುಂಡರಾಯನಿಗೆ ಈತ ಗುರು. ಕಾಲ 10ನೆಯ ಶತಮಾನ. ಜೈನ ಲೋಕವರ್ಣನೆಯಲ್ಲಿ ಇದು ಪರ್ಯಾಪ್ತ, ಅಂದರೆ ದೇಹಶಕ್ತಿಗಳು ಪೂರ್ಣಗೊಂಡ, ಮನುಷ್ಯರ ಸಂಖ್ಯೆ. ಜನಗಣತಿಯಲ್ಲ, ಶುದ್ಧ ಗಣಿತ.

ಎರಡನ್ನು ವರ್ಗಿಸುತ್ತ ಹೋದರೆ 4, 16, 256, 65,536. ಐದನೆಯ ವರ್ಗ 4,29,49,67,296. ಅದನ್ನು ಮತ್ತೆ ವರ್ಗಿಸಿ ಆರನೆಯದನ್ನು ಪಡೆದು, ಐದನೆಯದರಿಂದ ಗುಣಿಸಿದರೆ ಈ ಸಂಖ್ಯೆ ಸಿದ್ಧ. ಅಂದರೆ ಎರಡರ 96ನೆಯ ಘಾತ. ತೊಂಬತ್ತಾರು ಬಾರಿ ಅರ್ಧ ಮಾಡಿದರೆ 1 ಉಳಿಯುತ್ತದೆ. ಜೈನ ಗಣಿತಜ್ಞರು ಈ ಎಣಿಕೆಯನ್ನು 'ಅರ್ಧಚ್ಛೇದ' ಎಂದರು. ಇಂದಿನ ಲಾಗರಿದಮ್ಮೇ ಅದು, ಆಧಾರ ಎರಡು.

ಬರೆದಿಟ್ಟ ರೀತಿ ಇನ್ನೂ ಸೊಗಸು. ಒಂದು ಗಾಹೆಯ, ಅಂದರೆ ಪ್ರಾಕೃತ ಪದ್ಯದ, ಅಕ್ಷರಗಳಲ್ಲೇ ಅಂಕಿಗಳು ಅಡಗಿವೆ: ಅಕ್ಷರಕ್ಕೆ ಅಂಕಿ ಕೊಡುವ ಕಟಪಯಾದಿ ಕ್ರಮದಲ್ಲಿ ತ ಎಂದರೆ 6, ಲ ಎಂದರೆ 3, ನ ಎಂದರೆ 0. ಬಿಡಿಸ್ಥಾನದಿಂದ ಶುರುಮಾಡಿ ಎಡಕ್ಕೆ ಬರೆದುಕೊಂಡು ಹೋಗಬೇಕು. ಲಿಪಿಕಾರ ಒಂದಂಕಿ ತಪ್ಪಿದರೆ ಛಂದಸ್ಸೋ ಅರ್ಥವೋ ಕೈಹಿಡಿದು ತಿದ್ದಬಹುದು.

ಇದು ಪೂರ್ಣ ವರ್ಗವೂ ಹೌದು, ಪೂರ್ಣ ಘನವೂ ಹೌದು. ಭಾಜಕಗಳು 97, ಬೆಸ ಭಾಜಕ 1 ಮಾತ್ರ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿಸಿದರೆ ಮೊತ್ತ ಈ ಸಂಖ್ಯೆಗಿಂತ ಒಂದೇ ಒಂದು ಕಡಿಮೆ.

ಮೈಕ್ರೋಸಾಫ್ಟಿನ ತಂತ್ರಾಂಶ ವೇದಿಕೆ ಡಾಟ್‌ನೆಟ್‌ನಲ್ಲಿ 'ಡೆಸಿಮಲ್' ಎಂಬ ಸಂಖ್ಯಾಮಾದರಿ ಹಿಡಿಸಬಲ್ಲ ಗರಿಷ್ಠ ಮೌಲ್ಯವೂ ಇದಕ್ಕಿಂತ ಒಂದು ಕಡಿಮೆ.