‘ಪುರ’ವೋ ‘ಪೂರ’ವೋ: ವಿಜಯಪುರ ಸೀಮೆಯ ಸರಿ–ತಪ್ಪುಗಳ ಕಥೆ

2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದವು. ಅಂದು ಬಿಜಾಪುರ ವಿಜಯಪುರವಾಯಿತು. ಅದಕ್ಕೂ ಮೊದಲು ಈ ಊರಿನ ಹೆಸರನ್ನು ಬಿಜಾಪುರ, ಬಿಜಾಪೂರ, ವಿಜಾಪುರ, ವಿಜಾಪೂರ ಎಂದು ನಾಲ್ಕು ಬಗೆಯಲ್ಲಿ ಬರೆಯುವ ರೂಢಿಯಿತ್ತು. ಸರ್ಕಾರದ ಆದೇಶ ಹೆಸರನ್ನು ತೀರ್ಮಾನಿಸಿತಾದರೂ ಕಾಗುಣಿತದ ಜಗಳ ಅಲ್ಲಿಗೇ ಮುಗಿಯಲಿಲ್ಲ. ಮೊಬೈಲ್ ಫೋನಿನಲ್ಲಿ ಕನ್ನಡ ಬರೆಯುವವರ ಸಂಖ್ಯೆ ಹೆಚ್ಚಿದಂತೆ ಅದು ಹೊಸ ರೂಪದಲ್ಲಿ ಮರಳಿ ಬಂದಿದೆ. ತಿಕೋಟಾದ ಹುಡುಗನೊಬ್ಬ ತನ್ನ ಮಾತಿನಂತೆಯೇ ನಾಲ್ಕು ಸಾಲು ಬರೆದರೆ, ‘ಮೊದಲು ಸರಿಯಾಗಿ ಕನ್ನಡ ಕಲಿ’ ಎಂಬ ಉತ್ತರ ಬರುವುದುಂಟು. ಅವನು ಕೇಳಿದ ಪ್ರಶ್ನೆ ಅಲ್ಲಿಗೇ ಉಳಿಯುತ್ತದೆ.

ಹಾಗಾದರೆ ಸರಿಯಾದ ಕನ್ನಡ ಯಾವುದು? ಅದನ್ನು ಸರಿ ಎಂದು ನಿರ್ಧರಿಸಿದವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ವಿಜಯಪುರ ಸೀಮೆಗಿಂತ ತಕ್ಕ ಸ್ಥಳ ಸಿಗುವುದು ಕಷ್ಟ.

ಮೊದಲು ‘ಪೂರ’ ಎಂಬ ದೀರ್ಘವನ್ನೇ ನೋಡಬಹುದು. ಸಂಸ್ಕೃತದ ‘ಪುರ’ ಹ್ರಸ್ವ. ಆದ್ದರಿಂದ ‘ಬಿಜಾಪೂರ’ ಎಂದು ಬರೆಯುವುದು ಅಜ್ಞಾನ ಎಂದು ಮೈಸೂರು ಕಡೆಯ ಓದುಗರಿಗೆ ತೋರುವುದು ಸಹಜ. ಆದರೆ ಮರಾಠಿಯಲ್ಲಿ ಊರ ಹೆಸರಿನ ಕೊನೆಯ ‘ಪೂರ’ವನ್ನು ದೀರ್ಘವಾಗಿಯೇ ಬರೆಯಬೇಕೆಂಬ ನಿಯಮವಿದೆ. ಕೊಲ್ಹಾಪೂರ, ಸೋಲಾಪೂರ, ನಾಗಪೂರಗಳೆಲ್ಲ ಅಲ್ಲಿ ಹೀಗೆಯೇ. ಪದದ ಕೊನೆಯ ಅಕಾರವನ್ನು ಮರಾಠಿಗರು ಉಚ್ಚರಿಸುವುದಿಲ್ಲವಾದ್ದರಿಂದ ಅದರ ಹಿಂದಿನ ಉಕಾರ ಬಾಯಲ್ಲಿ ಎಳೆಯುತ್ತದೆ. ಬರಹ ಅದನ್ನು ಅನುಸರಿಸಿದೆ. ಹೀಗಾಗಿ ‘ಬಿಜಾಪೂರ’ ಎಂದು ಬರೆದವರು ನಿಯಮ ಮುರಿದವರಲ್ಲ. ಅವರು ಪಾಲಿಸಿದ್ದು ಪಕ್ಕದ ಭಾಷೆಯ ನಿಯಮವನ್ನು.

ಇನ್ನು ‘ಬಿಜಾ’ ಎಂಬುದಕ್ಕೂ ಆಧಾರವಿದೆ. ಸಂಸ್ಕೃತದ ವಕಾರ ಕನ್ನಡದಲ್ಲಿ ಬಕಾರವಾಗುವುದು ಹಳೆಯ ತದ್ಭವ ನಿಯಮ. ವಿದ್ಯೆ ಬಿಜ್ಜೆಯಾಯಿತು, ವಸತಿ ಬಸದಿಯಾಯಿತು, ವಿಜಯ ಬಿಜಯವಾಯಿತು. ಅಂದರೆ ‘ಬಿಜಾಪೂರ’ ಎಂಬ ಒಂದೇ ಪದದ ಮೊದಲ ತುದಿಯಲ್ಲಿ ಕನ್ನಡದ ತದ್ಭವ ನಿಯಮ, ಕೊನೆಯ ತುದಿಯಲ್ಲಿ ಮರಾಠಿಯ ಕಾಗುಣಿತ ಕಾಣಿಸುತ್ತವೆ. ತಪ್ಪೆಂದು ತಳ್ಳಿಹಾಕುವ ಪದವೊಂದರೊಳಗೆ ಇಷ್ಟೊಂದು ಚರಿತ್ರೆ ಅಡಗಿದೆ.

ಮುಂಬಯಿ ಆಡಳಿತದ ಗುರುತು

1818ರಲ್ಲಿ ಪೇಶ್ವೆಯರ ಆಳ್ವಿಕೆ ಕೊನೆಗೊಂಡ ಮೇಲೆ ಈ ಪ್ರದೇಶ ಮುಂಬಯಿ ಪ್ರಾಂತದ ಆಡಳಿತಕ್ಕೆ ಸೇರಿತು. ಕಚೇರಿಯಲ್ಲಿ, ಶಾಲೆಯಲ್ಲಿ ಮರಾಠಿಯ ಪ್ರಾಬಲ್ಯ ಬಹುಕಾಲ ಮುಂದುವರಿಯಿತು. ಜಮೀನಿನ ಎಷ್ಟೋ ದಾಖಲೆಗಳು ಮೋಡಿ ಲಿಪಿಯಲ್ಲಿದ್ದವು. ವೇಗವಾಗಿ ಬರೆಯಲೆಂದೇ ಬೆಳೆದ ಆ ಲಿಪಿಯಲ್ಲಿ ಇ–ಈ, ಉ–ಊಗಳ ಹ್ರಸ್ವದೀರ್ಘ ಭೇದವನ್ನು ಸಾಮಾನ್ಯವಾಗಿ ಗಮನಿಸುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಹೀಗೆ ಈ ಭಾಗದ ಕನ್ನಡ ತನ್ನದೇ ಪಠ್ಯಪುಸ್ತಕ, ತನ್ನದೇ ಕಚೇರಿ ಪದಗಳೊಂದಿಗೆ ಬೆಳೆಯಿತು.

ಮೈಸೂರಿನಲ್ಲಿ ಅಮಲ್ದಾರರಿದ್ದರೆ ಇಲ್ಲಿ ಮಾಮಲೇದಾರರು. ಅಲ್ಲಿ ಮೇಷ್ಟ್ರು, ಇಲ್ಲಿ ಮಾಸ್ತರರು. ಅಲ್ಲಿ ‘ಸರ್ಕಾರ’, ಇಲ್ಲಿ ‘ಸರಕಾರ’. ಅಲ್ಲಿ ‘ತಾಲ್ಲೂಕು’, ಇಲ್ಲಿ ‘ತಾಲೂಕು’. ಅರಬ್ಬಿಯ ಮೂಲ ಪದದಲ್ಲಿ ಲಕಾರ ಇಮ್ಮಡಿಯಾಗಿರುವುದರಿಂದ ಮೈಸೂರಿನ ರೂಪಕ್ಕೆ ಒಂದು ಆಧಾರವಿದೆ. ಮರಾಠಿಯ ‘ತಾಲುಕಾ’ದಲ್ಲಿ ಲಕಾರ ಒಂದೇ ಆದ್ದರಿಂದ ಉತ್ತರದ ರೂಪಕ್ಕೆ ಮತ್ತೊಂದು ಆಧಾರ. 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು. ಆದರೆ ಕಾಗುಣಿತಗಳು ಒಂದಾಗಲಿಲ್ಲ. ಇಂದಿಗೂ ಒಂದು ಪತ್ರಿಕೆಯಲ್ಲಿ ‘ಸರ್ಕಾರ’ವಿದ್ದರೆ ಇನ್ನೊಂದರಲ್ಲಿ ‘ಸರಕಾರ’ವಿರುತ್ತದೆ. ಓದುಗರಿಗೆ ಅದರಿಂದ ಯಾವ ತೊಂದರೆಯೂ ಆಗಿಲ್ಲ.

2018ರ ಹೊತ್ತಿಗೆ ಹೊಸ ತಾಲ್ಲೂಕುಗಳಾದ ತಿಕೋಟಾ ಮತ್ತು ಬಬಲೇಶ್ವರಗಳ ಹೆಸರುಗಳಲ್ಲೂ ಇದೇ ಕಥೆಯಿದೆ. ಅಚ್ಚಗನ್ನಡದ ಪದಗಳು ದೀರ್ಘ ಆಕಾರದಲ್ಲಿ ಕೊನೆಗೊಳ್ಳುವುದು ಅಪರೂಪ. ‘ತಿಕೋಟಾ’ ಎಂಬುದರ ಕೊನೆಯ ದೀರ್ಘ ಮರಾಠಿಯ ನೆರೆಯನ್ನು ನೆನಪಿಸುತ್ತದೆ. ‘ಬಬಲೇಶ್ವರ’ದಲ್ಲಿರುವುದು ಸಂಸ್ಕೃತದ ‘ಶ್ವ’. ಶಕಾರ, ಷಕಾರಗಳು ಕನ್ನಡದ ಬಾಯಲ್ಲಿ ಸಕಾರವಾಗುವುದೂ ಹೊಸತಲ್ಲ: ಆಕಾಶ ಆಗಸವಾಗಿದ್ದು, ಭಾಷೆ ಬಾಸೆಯಾಗಿದ್ದು ಹಾಗೆಯೇ. ಇವನ್ನು ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ತಪ್ಪೆಂದು ಬಿಡಲಿಲ್ಲ; ಅವುಗಳಿಗೊಂದು ಪ್ರಕರಣವನ್ನೇ ಮೀಸಲಿಟ್ಟ.

ವಾಸುಕಿಗೂ ಬೇಸರ

ಸರಿ–ತಪ್ಪುಗಳ ಚರ್ಚೆ ಕನ್ನಡದ ಮೊದಲ ಉಪಲಬ್ಧ ಗ್ರಂಥದಷ್ಟೇ ಹಳೆಯದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವೆ ಇದೆ ಎಂದು ಹೇಳುತ್ತದೆ. ಕಿಸುವೊಳಲು ಎಂದರೆ ಪಟ್ಟದಕಲ್ಲು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಪ್ರತ್ಯೇಕವಾಗುವವರೆಗೂ ಅದು ವಿಜಾಪುರ ಜಿಲ್ಲೆಯಲ್ಲೇ ಇತ್ತು. ಇಂದು ‘ಒರಟು’ ಎನ್ನಿಸಿಕೊಳ್ಳುವ ಮಾತಿನ ಸೀಮೆಯೇ ಒಂದು ಕಾಲಕ್ಕೆ ಮಾದರಿ ಕನ್ನಡದ ಸೀಮೆಯಾಗಿತ್ತು.

ಅದೇ ಗ್ರಂಥ ಇನ್ನೊಂದು ಮಾತನ್ನೂ ಹೇಳುತ್ತದೆ. ಕನ್ನಡದ ದೇಸಿಗಳು ಬೇರೆ ಬೇರೆಯಾಗಿರುವುದರಿಂದ ದೋಷಗಳು ಇಷ್ಟೇ ಎಂದು ಎಣಿಸಲು ಹೊರಟರೆ ವಾಸುಕಿಗೂ ಸಾಧ್ಯವಾಗದೆ ಬೇಸರ ಬಂದೀತು ಎಂಬುದು ಅದರ ಸಾರಾಂಶ. ಕವಿಗಳಿಗೆ ನಿಯಮ ಹೇಳಲು ಹೊರಟ ಪುಸ್ತಕವೇ ನಿಯಮದ ಮಿತಿಯನ್ನೂ ಒಪ್ಪಿಕೊಂಡಿದ್ದು ಗಮನಾರ್ಹ.

ಹನ್ನೆರಡನೆಯ ಶತಮಾನದಲ್ಲಿ ಬಾಗೇವಾಡಿಯ ಬಸವಣ್ಣ ಮತ್ತು ಅವರ ಸಂಗಡಿಗರು ಚಂಪೂ ಕಾವ್ಯದ ಪಂಡಿತ ಭಾಷೆಯನ್ನು ಬಿಟ್ಟು ಆಡುಮಾತಿಗೆ ಹತ್ತಿರವಾದ ಕನ್ನಡದಲ್ಲಿ ವಚನ ಹೇಳಿದರು. ಆ ಹೊತ್ತಿಗಾಗಲೇ ಜನರ ಬಾಯಲ್ಲಿ ಪಾಲು ಹಾಲಾಗುತ್ತಿತ್ತು, ಪೂವು ಹೂವಾಗುತ್ತಿತ್ತು. ಸುಮಾರು ಒಂದು ಶತಮಾನದ ಬಳಿಕ ಹಳಗನ್ನಡದ ಕಟ್ಟಳೆಗಳನ್ನು ಬರೆದ ಕೇಶಿರಾಜನೂ ಪಕಾರಕ್ಕೆ ಹಕಾರ ಬರುವುದನ್ನು ಗುರುತಿಸಲೇಬೇಕಾಯಿತು. ನುಡಿ ಮುಂದೆ ನಡೆಯಿತು, ವ್ಯಾಕರಣ ಅದರ ಹೆಜ್ಜೆಗಳನ್ನು ಬರೆದುಕೊಂಡಿತು.

ವಕೀಲರ ಓಲೆಗರಿಗಳು

ಆ ವಚನಗಳು ಇಂದು ನಮಗೆ ಅಚ್ಚಿನಲ್ಲಿ ಸಿಗುವುದಕ್ಕೆ ಮುಖ್ಯ ಕಾರಣ ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು (1880–1964). ಮನೆ, ಮಠಗಳ ಜಗಲಿಯಲ್ಲಿ ಮೂಲೆ ಸೇರಿದ್ದ ಓಲೆಗರಿಗಳನ್ನು ಹುಡುಕಿ, ಓದಿ, ಪ್ರತಿ ಮಾಡಿ 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಮನೆ ಮಾರಿ ಬಂದ ಹಣದಿಂದ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯ ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಅದೇ ವರ್ಷ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು.

ಓಲೆಗರಿ ಓದುವುದೆಂದರೆ ಕಾಗುಣಿತದ ಕಾಡಿನಲ್ಲಿ ನಡೆದಂತೆ. ಹಳೆಯ ಪ್ರತಿಗಳಲ್ಲಿ ಪದಗಳ ನಡುವೆ ತೆರಪಿಲ್ಲ. ಎ–ಏ, ಒ–ಓಗಳ ನಡುವಿನ ವ್ಯತ್ಯಾಸವನ್ನು ತೋರಿಸುವ ಪದ್ಧತಿ ಇಲ್ಲ. ಒಂದೇ ವಚನವನ್ನು ಇಬ್ಬರು ಲಿಪಿಕಾರರು ಎರಡು ಬಗೆಯಲ್ಲಿ ಬರೆದಿರುತ್ತಾರೆ; ಒಬ್ಬ ತನ್ನ ಊರಿನ ಉಚ್ಚಾರವನ್ನು ಸೇರಿಸಿದ್ದರೆ, ಇನ್ನೊಬ್ಬ ತನಗೆ ಶುದ್ಧವೆನಿಸಿದಂತೆ ತಿದ್ದಿರುತ್ತಾನೆ. ಈ ಎರಡನೆಯವನೇ ಸಂಪಾದಕರಿಗೆ ಹೆಚ್ಚು ತೊಂದರೆ ಕೊಡುವವನು. ತಪ್ಪು ಬರೆದವನ ಪ್ರತಿಯಿಂದ ಮೂಲವನ್ನು ಊಹಿಸಬಹುದು. ತಿದ್ದಿ ಬರೆದವನು ಮೂಲದ ಗುರುತನ್ನೇ ಅಳಿಸಿರುತ್ತಾನೆ.

ಇದೇ ಜಿಲ್ಲೆಯ ಸಿಂದಗಿ ತಾಲ್ಲೂಕಿನ ಎಂ.ಎಂ. ಕಲಬುರ್ಗಿ ಅವರು ಮುಂದೆ ‘ಕನ್ನಡ ಗ್ರಂಥ ಸಂಪಾದನ ಶಾಸ್ತ್ರ’ವನ್ನು ಬರೆದದ್ದು ಇಂಥ ಸಮಸ್ಯೆಗಳನ್ನು ಕುರಿತೇ. 1993ರಲ್ಲಿ ರಾಜ್ಯ ಸರ್ಕಾರ 15 ಸಂಪುಟಗಳಲ್ಲಿ ತಂದ ‘ಸಮಗ್ರ ವಚನ ಸಂಪುಟ’ಕ್ಕೆ ಅವರೇ ಪ್ರಧಾನ ಸಂಪಾದಕರು. ಬರೆದವನ ರೂಪವನ್ನು ಮೊದಲು ಅರ್ಥಮಾಡಿಕೊಳ್ಳಬೇಕು, ತಿದ್ದುವುದು ಆಮೇಲಿನ ಮಾತು ಎಂಬ ಶಿಸ್ತು ಗ್ರಂಥ ಸಂಪಾದನೆಯ ಬುನಾದಿ.

ಹಲಸಂಗಿಯ ಗೆಳೆಯರು

ಬಾಯಿಯ ಮಾತನ್ನು ಬಾಯಲ್ಲಿದ್ದಂತೆಯೇ ಬರೆಯುವ ಸಾಹಸವೂ ಈ ಜಿಲ್ಲೆಯಲ್ಲಿ ನಡೆಯಿತು. ಭೀಮಾ ನದಿಯ ಕಡೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಇವರು ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಸಂಗ್ರಹಿಸಿದರು. 1931ರಲ್ಲಿ ‘ಗರತಿಯ ಹಾಡು’ ಪ್ರಕಟವಾಯಿತು. ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸು ‘ಮನಿ’ ಎಂದು ಹಾಡಿದ್ದನ್ನು ‘ಮನೆ’ ಎಂದು ತಿದ್ದಿದರೆ ಪ್ರಾಸ ಕೆಡುತ್ತದೆ, ಲಯ ಕೆಡುತ್ತದೆ, ಹಾಡಿದವಳ ದನಿಯೂ ಕಾಣೆಯಾಗುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳ ನುಡಿ ಹೀಗೆ ಸಾಹಿತ್ಯವಾಗಿ ಅಚ್ಚಾಯಿತು.

ಮೊಬೈಲಿನ ಕನ್ನಡ

ಇಷ್ಟು ಹಿನ್ನೆಲೆಯಲ್ಲಿ ಇಂದಿನ ಸಂದೇಶಗಳ ಭಾಷೆಯನ್ನು ನೋಡಬೇಕು. ‘ನಾ ಬರಾಕತ್ತೀನಿ’ ಎಂದು ಬಬಲೇಶ್ವರದಿಂದ ಒಬ್ಬರು ಬರೆಯುತ್ತಾರೆ. ‘ನಾನು ಬರ್ತಾ ಇದ್ದೀನಿ’ ಎಂದು ಬೆಂಗಳೂರಿನಿಂದ ಇನ್ನೊಬ್ಬರು ಬರೆಯುತ್ತಾರೆ. ಪುಸ್ತಕದ ರೂಪ ‘ಬರುತ್ತಿದ್ದೇನೆ’. ಇಬ್ಬರೂ ಅದನ್ನು ಬರೆದಿಲ್ಲ. ಆದರೂ ನಗೆಗೆ ಗುರಿಯಾಗುವುದು ಹೆಚ್ಚಾಗಿ ಮೊದಲನೆಯದು. ‘ಬರಾಕತ್ತೀನಿ’ ಎಂದರೆ ‘ಬರಲಿಕ್ಕೆ ಹತ್ತಿದ್ದೇನೆ’. ಹತ್ತು ಎಂದರೆ ತೊಡಗು. ಕ್ರಿಯೆಯಲ್ಲಿ ತೊಡಗಿರುವುದನ್ನು ಇಷ್ಟು ಖಚಿತವಾಗಿ ಹೇಳುವ ಈ ರೂಪಕ್ಕೆ ತನ್ನದೇ ಕಟ್ಟುನಿಟ್ಟಾದ ವ್ಯಾಕರಣವಿದೆ: ಬರಾಕತ್ತೀನಿ, ಬರಾಕತ್ತೀರಿ, ಬರಾಕತ್ತಾರ. ಈ ಭಾಗದ ಮಗು ಇದರಲ್ಲಿ ತಪ್ಪುವುದಿಲ್ಲ.

‘ಬೇಡ’ ಎಂಬುದಕ್ಕೆ ‘ಬ್ಯಾಡ’ ಎಂದು ಬರೆಯುವುದು ಇನ್ನೊಂದು ಉದಾಹರಣೆ. ಏಕಾರಕ್ಕೂ ಆಕಾರಕ್ಕೂ ನಡುವಿನ ಆ ಸ್ವರಕ್ಕೆ ಕನ್ನಡ ವರ್ಣಮಾಲೆಯಲ್ಲಿ ಪ್ರತ್ಯೇಕ ಅಕ್ಷರವಿಲ್ಲ. ‘ಬ್ಯಾಂಕ್’ ಎಂದು ಬರೆಯುವಾಗ ಎಲ್ಲರೂ ಒಪ್ಪುವ ಉಪಾಯವನ್ನೇ ‘ಬ್ಯಾಡ’ದಲ್ಲೂ ಬಳಸಲಾಗಿದೆ.

ಮಹಾಪ್ರಾಣಗಳ ವಿಷಯ ಇನ್ನೂ ಕುತೂಹಲಕರ. ಕನ್ನಡಿಗರ ಬಾಯಲ್ಲಿ ಮಹಾಪ್ರಾಣ ಇಲ್ಲವಾದ್ದರಿಂದ ಬರಹದಲ್ಲೂ ಬೇಡ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ ವಾದಿಸಿ, ತಮ್ಮ ಪುಸ್ತಕಗಳನ್ನು ಹಾಗೆಯೇ ಬರೆದರು. ಪರ–ವಿರೋಧವಾಗಿ ಸಾಕಷ್ಟು ಚರ್ಚೆ ನಡೆಯಿತು. ಆದರೆ ‘ಭಾಳ ಛಲೋ’, ‘ಖರೇ ಹೇಳ್ರಿ’ ಎನ್ನುವ ವಿಜಯಪುರದವರ ನಾಲಿಗೆಯಲ್ಲಿ ಮಹಾಪ್ರಾಣ ದಿನಬಳಕೆಯ ಸೊತ್ತು. ಮರಾಠಿ, ಉರ್ದುಗಳೊಡನೆ ಶತಮಾನಗಳ ಒಡನಾಟದ ಫಲವಿದು. ಹಳಕಟ್ಟಿಯವರ ಹೆಸರು ಫಕೀರಪ್ಪ ಎಂಬುದನ್ನೂ ಇಲ್ಲಿ ನೆನೆಯಬಹುದು. ಒಂದು ಕಡೆಗೆ ಹೊರೆ ಎನಿಸಿದ ಅಕ್ಷರ ಇನ್ನೊಂದು ಕಡೆಗೆ ಅಗತ್ಯ.

ಹಾಗೆಂದು ಎಲ್ಲವೂ ಸರಿ ಎನ್ನಲಾಗದು. ‘ಹಳ್ಳಿ’ ಬರೆಯಲು ಹೋಗಿ ‘ಹಲ್ಲಿ’ ಬರೆದರೆ, ‘ಕೊಳ್ಳು’ವ ಬದಲು ‘ಕೊಲ್ಲು’ ಬರೆದರೆ ಅದು ಯಾವ ಸೀಮೆಯ ರೂಪವೂ ಅಲ್ಲ, ಅವಸರದ ತಪ್ಪು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವ ಅಭ್ಯಾಸ ಇಂಥ ಗೊಂದಲವನ್ನು ಹೆಚ್ಚಿಸಿದೆ. ಆ ಲಿಪಿಯಲ್ಲಿ ಲಕಾರ ಒಂದೇ. ಒಳ್ಳೆಯ ಬರಹ ಕಲಿಯುವ ಹಂಬಲವೂ ಜನರಲ್ಲಿ ಕಡಿಮೆಯೇನಿಲ್ಲ. 1991ರಲ್ಲಿ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣ ಆರಂಭಿಸಿದಾಗ ಪದಗಳ ಅರ್ಥ, ರೂಪಗಳನ್ನು ಕೇಳಿ ನಾಡಿನ ಮೂಲೆಮೂಲೆಯಿಂದ ಪತ್ರಗಳು ಬಂದವು. ಅಲ್ಲಿ ಉತ್ತರ ಸಿಗುತ್ತಿದ್ದುದು ಕೇಳಿದವರಿಗೆ. ಕೇಳದವರನ್ನು ನಾಲ್ಕು ಜನರ ಮುಂದೆ ತಿದ್ದುವುದು ಬೇರೆಯೇ ಕೆಲಸ.

ನಿಯಮ ಎಲ್ಲಿ ಬೇಕು?

ಕಾಗುಣಿತ ನಿಜಕ್ಕೂ ಹೊಟ್ಟೆಪಾಡಿನ ಪ್ರಶ್ನೆಯಾಗುವುದು ದಾಖಲೆಗಳಲ್ಲಿ. ಕೈಬರಹದ ಪಹಣಿಗಳು 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ಕಂಪ್ಯೂಟರಿಗೆ ಬಂದವು. ಹಳೆಯ ಶಾನುಭೋಗನಿಗೆ ಮಲ್ಲಪ್ಪ ಯಾರು, ಮಲಪ್ಪ ಯಾರು ಎಂಬುದು ಮುಖ ನೋಡಿದರೆ ತಿಳಿಯುತ್ತಿತ್ತು. ಯಂತ್ರಕ್ಕೆ ಅವರಿಬ್ಬರೂ ಬೇರೆ ಬೇರೆ. ಶಾಲೆಯ ದಾಖಲೆಯಲ್ಲಿ ‘ಬಿರಾದಾರ’, ಆಧಾರ್‌ನಲ್ಲಿ ‘ಬಿರಾದರ’, ಪಹಣಿಯಲ್ಲಿ ಇನ್ನೇನೋ ಇದ್ದರೆ ಬೆಳೆ ಪರಿಹಾರಕ್ಕೋ ಸಾಲಕ್ಕೋ ಹೋದ ರೈತ ಪ್ರಮಾಣಪತ್ರ ಮಾಡಿಸಿಕೊಂಡು ಅಲೆಯಬೇಕು. ದ್ರಾಕ್ಷಿ ಬೆಳೆಯುವ ತಿಕೋಟಾ ಭಾಗದ ರೈತನಿಗೆ ಒಂದು ದೀರ್ಘದ ಬೆಲೆ ಅಲ್ಲಿ ತಿಳಿಯುತ್ತದೆ. ಇಂಥ ಕಡೆ ಏಕರೂಪದ ನಿಯಮ ಬೇಕೇ ಬೇಕು. ಅದನ್ನು ಪಾಲಿಸುವ ಹೊಣೆ ಮೊದಲು ಬರೆದುಕೊಳ್ಳುವ ಕಚೇರಿಯದು.

ಪಠ್ಯಪುಸ್ತಕ, ಪತ್ರಿಕೆ, ಪರೀಕ್ಷೆ, ಅರ್ಜಿಗಳಿಗೂ ಎಲ್ಲ ಸೀಮೆಯವರಿಗೂ ತಿಳಿಯುವ ಬರಹ ಅಗತ್ಯ. 1915ರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿದಾಗ ಹರಿದು ಹಂಚಿಹೋಗಿದ್ದ ಕನ್ನಡಿಗರನ್ನು ಕೂಡಿಸಬಲ್ಲ ಸಮಾನ ಬರಹವೊಂದರ ಆಸೆ ಅದರ ಹಿಂದಿತ್ತು. ವಿಜಯಪುರದ ಮಕ್ಕಳು ಆ ಬರಹವನ್ನು ಚೆನ್ನಾಗಿ ಕಲಿಯಬೇಕು; ಕಲಿಯದಿದ್ದರೆ ನಷ್ಟ ಅವರಿಗೇ. ಆದರೆ ಅದು ಬೇರೆ ಬೇರೆ ಸೀಮೆಯವರು ಕೂಡಲೆಂದು ಮಾಡಿಕೊಂಡ ಒಪ್ಪಂದ, ಬುದ್ಧಿಯನ್ನು ಅಳೆಯುವ ಕೋಲಲ್ಲ.

ಮಾತುಕತೆಯ ನಿಯಮ ಬೇರೆ. ಎದುರಿನವರಿಗೆ ಅರ್ಥವಾದರೆ ಅದರ ಕೆಲಸ ಆಯಿತು. ಮೊಬೈಲಿನ ಸಂದೇಶ ಬರಹದ ವೇಷ ತೊಟ್ಟ ಮಾತು. ‘ಭಾಳ ದಿನಾ ಆತು, ಹ್ಯಾಂಗದೀರಿ?’ ಎಂದು ಊರಿನಿಂದ ಬಂದ ಸಂದೇಶಕ್ಕೆ ಕೊಡಬೇಕಾದ ಉತ್ತರ ಕ್ಷೇಮಸಮಾಚಾರವೇ ಹೊರತು ಕಾಗುಣಿತದ ಪಾಠವಲ್ಲ.