ಬರ್ಲಿನ್ನಿನಿಂದ ಬಂದ ಮೈಸೂರಿನ ವಾಸ್ತುಶಿಲ್ಪಿ

ಮೈಸೂರು ಸಂಸ್ಥಾನದ ಆಧುನಿಕ ಚರಿತ್ರೆ ಓದುವಾಗ ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್, ಲಾಲ್‌ಬಾಗಿನ ಕ್ರುಂಬಿಗಲ್ ಈ ಹೆಸರುಗಳು ನಮಗೆ ಸಿಗುತ್ತವೆ. ಆಟೋ ಕೊನಿಗ್ಸ್‌ಬರ್ಗರ್ ಹೆಸರು ಸಿಗುವುದು ಅಪರೂಪ. ಒಂಬತ್ತು ವರ್ಷ ಇಲ್ಲಿ ಕಟ್ಟಡಗಳನ್ನು ಕಟ್ಟಿ, ಮುಂದೆ ಲಂಡನ್ನಿನಲ್ಲಿ ಮೇಷ್ಟ್ರಾದ ಈ ಮನುಷ್ಯನ ಕಥೆಯನ್ನು ಎರಡು ಮಾತಿನಲ್ಲಿ ಹೇಳಬೇಕೆನಿಸಿದೆ.

1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಇವರು ಹಾನ್ಸ್ ಪೋಲ್ಜಿಗ್ ಅವರ ಶಿಷ್ಯ. 1933ರಲ್ಲಿ ಪ್ರತಿಷ್ಠಿತ ಶಿಂಕೆಲ್ ಪ್ರಶಸ್ತಿ ಬಂತು. ಹಿಟ್ಲರ್ ಅಧಿಕಾರ ಹಿಡಿದದ್ದೂ ಅದೇ ವರ್ಷ. ಯಹೂದಿ ಮೂಲದವರೆಂಬ ಕಾರಣಕ್ಕೆ ಸರ್ಕಾರಿ ಕೆಲಸ ಹೋಯಿತು. ಈಜಿಪ್ಟಿಗೆ ಹೋಗಿ ಪುರಾತನ ಕಟ್ಟಡಗಳ ಅಧ್ಯಯನದಲ್ಲಿ ತೊಡಗಿದರು. ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆಯೇ ಅವರ ಡಾಕ್ಟರೇಟಿನ ವಿಷಯ. ಇವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, 1935-36ರಲ್ಲಿ ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. 1939ರಲ್ಲಿ, ಮಿರ್ಜಾ ದಿವಾನರಾಗಿದ್ದಾಗ, ಸೋದರಳಿಯನೂ ಮೈಸೂರಿನ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು.

ಅದೇ ವಿಜ್ಞಾನ ಸಂಸ್ಥೆಯಲ್ಲಿ ಇವರು ವಿನ್ಯಾಸ ಮಾಡಿದ ವಿಮಾನ ತಂತ್ರಜ್ಞಾನ ಮತ್ತು ಲೋಹಶಾಸ್ತ್ರ ವಿಭಾಗಗಳ ಕಟ್ಟಡಗಳಿವೆ. ಅಲಂಕಾರ ಕಡಿಮೆ. ಬಿಸಿಲಿಗೆ ಅಡ್ಡಲಾಗಿ ನೆರಳು, ಗಾಳಿಗೆ ದಾರಿ, ಇವೇ ಮುಖ್ಯ. ಬರ್ಲಿನ್ನಿನ ಪಾಠ ಇಲ್ಲಿ ಇದ್ದ ಹಾಗೇ ನಡೆಯದೆಂದು ಇವರು ಕೆಲಸ ಮಾಡುತ್ತಲೇ ಕಲಿತರು. ಜಮ್‌ಶೆಡ್‌ಪುರಕ್ಕೂ ಭುವನೇಶ್ವರಕ್ಕೂ ನಗರ ಯೋಜನೆ ಮಾಡಿಕೊಟ್ಟರು.

ದೇಶ ವಿಭಜನೆಯಾದಾಗ ಲಕ್ಷಾಂತರ ಜನ ನೆಲೆ ಕಳೆದುಕೊಂಡರು. 1948ರಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದ ಕೊನಿಗ್ಸ್‌ಬರ್ಗರ್ ಮೇಲೆ ಅವರಿಗೆ ಸೂರು ಒದಗಿಸುವ ಹೊಣೆ ಬಿತ್ತು. ತಾವೇ ದೇಶ ಬಿಟ್ಟು ಬಂದವರು ಈಗ ದೇಶ ಬಿಟ್ಟು ಬಂದವರಿಗೆ ಮನೆ ಕಟ್ಟಬೇಕಾಯಿತು. ಬೇಗ ಕಟ್ಟುವುದಕ್ಕೆಂದು ದೆಹಲಿಯಲ್ಲಿ ಗೋಡೆಯ ಫಲಕಗಳನ್ನು ಅಚ್ಚು ಹಾಕುವ ಕಾರ್ಖಾನೆ ತೆರೆದರು. ಫಲಕಗಳು ಬಾಳಿಕೆ ಬರಲಿಲ್ಲ, ಟೀಕೆ ಸುರಿಯಿತು. 1951ರಲ್ಲಿ ಇವರು ಭಾರತ ಬಿಟ್ಟರು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಸೋತವನ ಕಥೆಯಾಗುತ್ತಿತ್ತು. ಆದರೆ 1953ರಲ್ಲಿ ಲಂಡನ್ನಿನ ಒಂದು ಸಮ್ಮೇಳನದಲ್ಲಿ ನೈಜೀರಿಯಾದ ವಿದ್ಯಾರ್ಥಿ ಅಡೆಡೋಕುನ್ ಅಡೆಯೆಮಿ, ಇಂಗ್ಲೆಂಡಿನಲ್ಲಿ ಕಲಿತದ್ದು ತನ್ನ ಊರಿನ ಹವೆಗೆ ಹೊಂದುವುದಿಲ್ಲವೆಂದು ಎದ್ದು ನಿಂತು ಹೇಳಿದ. ಮರುವರ್ಷವೇ ಅಲ್ಲಿನ ಆರ್ಕಿಟೆಕ್ಚರಲ್ ಅಸೋಸಿಯೇಶನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪದ ವಿಭಾಗ ಹುಟ್ಟಿತು. 1957ರಿಂದ ಅದನ್ನು ನಡೆಸಿದವರು ಕೊನಿಗ್ಸ್‌ಬರ್ಗರ್. ಏಷ್ಯಾ, ಆಫ್ರಿಕಾಗಳಿಂದ ಬಂದ ವಿದ್ಯಾರ್ಥಿಗಳಿಗೆ ಬಿಸಿಲು, ಮಳೆ, ಗಾಳಿಯನ್ನು ಮೊದಲು ಅಳೆದು ನಂತರ ಗೆರೆ ಎಳೆಯಲು ಕಲಿಸಿದರು. 1974ರಲ್ಲಿ ಮೂವರು ಸಹಲೇಖಕರೊಡನೆ ಬರೆದ ಉಷ್ಣವಲಯದ ವಸತಿ ಕೈಪಿಡಿಯನ್ನು ನಮ್ಮ ವಾಸ್ತುಶಿಲ್ಪ ಕಾಲೇಜುಗಳು ಇಂದಿಗೂ ಓದಿಸುತ್ತವೆ. 1999ರಲ್ಲಿ ಅವರು ತೀರಿಕೊಂಡರು.

ಆ ಕೈಪಿಡಿಯ ಒಂದು ಪಾಠ ನನಗೆ ಹೊಸದೆನಿಸಲಿಲ್ಲ. ಒಣ ಬಿಸಿಲಿನ ಪ್ರದೇಶದಲ್ಲಿ ದಪ್ಪ ಗೋಡೆ, ದಪ್ಪ ಮಾಡು ಹಗಲಿನ ಕಾವನ್ನು ಗಂಟೆಗಟ್ಟಲೆ ತಡೆದು ನಿಲ್ಲಿಸುತ್ತವೆ. ನಮ್ಮ ಹಾರೂಗೇರಿ ಕಡೆಯ ಮಣ್ಣಿನ ಮಾಳಿಗೆ ಮನೆ ನೋಡಿದವರಿಗೆ ಇದು ಗೊತ್ತು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ಏಪ್ರಿಲ್ಲಿನ ಮಧ್ಯಾಹ್ನವೂ ಒಳಗೆ ತಂಪು. ಈಗ ಎಲ್ಲರೂ ತೆಳು ಆರ್‌ಸಿಸಿ ಚಾವಣಿ ಹಾಕಿಸುತ್ತೇವೆ. ಮಳೆಗಾಲದ ಸೋರಿಕೆಯಿಂದ ಬೇಸತ್ತವರನ್ನು ದೂರುವಂತಿಲ್ಲ. ಆದರೆ ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ನಮ್ಮ ಮೇಲೆ ಬೆಂಕಿ ಸುರಿಯುತ್ತದೆ.

ಬರ್ಲಿನ್ನಿನಿಂದ ಬಂದವರಿಗೆ ನಮ್ಮ ಬಿಸಿಲು ಹೊಸದು, ಹಾಗಾಗಿ ಅವರು ಅದನ್ನು ಅಳೆದು ಬರೆದಿಟ್ಟರು. ನಮ್ಮ ಗೌಂಡಿಗಳಿಗೆ ಅದು ಕೈಯಲ್ಲೇ ಇದ್ದ ವಿದ್ಯೆ, ಹಾಗಾಗಿ ಯಾರೂ ಬರೆಯಲಿಲ್ಲ. ಮಾಳಿಗೆ ಹಾಕಲು ಬಲ್ಲ ಮುದುಕರು ಇನ್ನೂ ಊರಲ್ಲಿ ಒಬ್ಬಿಬ್ಬರಿದ್ದಾರೆ. ವಾಸ್ತುಶಿಲ್ಪ ಓದುತ್ತಿರುವ ಹುಡುಗ ಹುಡುಗಿಯರು ರಜೆಗೆ ಬಂದಾಗ ಅವರ ಮುಂದೆ ಒಂದು ವಹಿ ಹಿಡಿದು ಕೂತರೆ ಸಾಕು.